ಅದು ಹಂಚ್‌ಬ್ಯಾಕ್ ಅಲ್ಲ ಸ್ವಾಮಿ

ನಮ್ಮ ಭಾನುವಾರದ ಗುಂಪಿನಲ್ಲಿ ಹೋದ ತಿಂಗಳು ಒಂದು ಪ್ರಸ್ತಾಪ ಇಟ್ಟೆ. ಇನ್ನು ಮೇಲೆ ಯಾರಾದರೂ ಬರೀ ‘ಕಸ್ಟಮ್’ ಅಂತ ಹೇಳಿ ಮೇಜಿನ ಮೇಲೆ ಗೊಂಬೆ ಇಟ್ಟರೆ ಅವತ್ತಿನ ಕಾಫಿ ಖರ್ಚು ಪೂರ್ತಿ ಅವರದ್ದು. ಆರು ಜನ ಇದ್ದೆವು. ಎರಡು ವೋಟು ಬಿತ್ತು. ಒಂದು ನನ್ನದು. ಇನ್ನೊಬ್ಬ ಕೈ ಎತ್ತಿದ್ದು ಪ್ರಸ್ತಾಪಕ್ಕಲ್ಲ, ತನಗೂ ಒಂದು ಕಾಫಿ ಹೇಳಿ ಅಂತ. ಇದು ಆಮೇಲೆ ಗೊತ್ತಾಯಿತು. ಸೋತವನಿಗೆ ಬರೆಯೋದು ಬಿಟ್ಟು ಬೇರೆ ದಾರಿ ಏನಿದೆ?

ನಾವು ಆಡೋದು ಬ್ಯಾಟಲ್‌ಟೆಕ್. 1984ರಲ್ಲಿ ಅಮೆರಿಕದ ಫಾಸಾ ಅನ್ನೋ ಕಂಪನಿ ‘ಬ್ಯಾಟಲ್‌ಡ್ರಾಯ್ಡ್ಸ್’ ಅಂತ ಹೊರತಂದ ಆಟ. ‘ಡ್ರಾಯ್ಡ್’ ಪದ ತಮ್ಮದು ಅಂತ ಸ್ಟಾರ್ ವಾರ್ಸ್ ಕಡೆಯವರು ತಕರಾರು ತೆಗೆದದ್ದರಿಂದ ಮರುವರ್ಷವೇ ಹೆಸರು ಬದಲಾಯಿಸಬೇಕಾಯಿತು. ಅಂದರೆ ಹೆಸರಿನ ಜಗಳ ಈ ಆಟಕ್ಕೆ ತೊಟ್ಟಿಲಲ್ಲೇ ಅಂಟಿಕೊಂಡದ್ದು. ನಕ್ಷೆಯ ಮೇಲೆ ಆರು ಮೂಲೆಯ ಮನೆಗಳು. ಆಟಗಾರರು ಇವನ್ನು ಹೆಕ್ಸ್ ಅಂತಾರೆ, ಚೌಕಾಬಾರ ಆಡಿ ಬೆಳೆದ ನನಗೆ ಅವು ಯಾವತ್ತೂ ಮನೆಗಳೇ. ಮನೆಗಳ ಮೇಲೆ ‘ಮೆಕ್’ ಅನ್ನೋ ಯಂತ್ರಗಳು. ಒಳಗೆ ಒಬ್ಬ ಮನುಷ್ಯ ಕೂತು ನಡೆಸುವ, ಎರಡು ಕಾಲಿನ, 20 ಟನ್ನಿನಿಂದ 100 ಟನ್ನಿನವರೆಗಿನ ದೈತ್ಯರು. ಜೊತೆಗೆ ಟ್ಯಾಂಕು, ಹೋವರ್‌ಕ್ರಾಫ್ಟು ಇತ್ಯಾದಿ. ಎರಡು ದಾಳ, ಒಂದು ಪೆನ್ಸಿಲ್ಲು, ಪ್ರತಿ ಯಂತ್ರಕ್ಕೂ ಒಂದೊಂದು ಶೀಟು.

ಈ ಶೀಟೇ ಆಟದ ಜೀವ. ಯಂತ್ರದ ತೂಕದೊಳಗೆ ಎಂಜಿನ್ನು, ಕವಚ, ಆಯುಧ, ಬಿಸಿ ಹೊರಹಾಕುವ ಹೀಟ್‌ಸಿಂಕು ಎಲ್ಲ ಕೂರಬೇಕು. ಒಂದನ್ನು ತೆಗೆದು ಇನ್ನೊಂದನ್ನು ಹಾಕಬಹುದು, ಒಟ್ಟು ತೂಕ ಮಾತ್ರ ಮೀರಬಾರದು. ಹೀಗೆ ಮಾರ್ಪಡಿಸೋದರಲ್ಲಿ ಇರೋ ಖುಷಿ ಆಟದಲ್ಲಿ ಇರೋ ಖುಷಿಗಿಂತ ಒಂದು ತೂಕ ಹೆಚ್ಚೇ. ಆಫೀಸಿನಲ್ಲಿ ಎಕ್ಸೆಲ್ ಕಂಡರೆ ಮೂಗು ಮುರಿಯುವವನು ರಾತ್ರಿ ಹನ್ನೊಂದಕ್ಕೆ ಅರ್ಧ ಟನ್ ಕವಚ ಎಲ್ಲಿಂದ ಉಳಿಸಲಿ ಅಂತ ಅದೇ ಎಕ್ಸೆಲ್ ಮುಂದೆ ಕೂತಿರ್ತಾನೆ. ನಾನೇ ಅವನು.

ಒಂದು ಉದಾಹರಣೆ ಕೊಡ್ತೀನಿ, ಯಾಕಂದ್ರೆ ನನ್ನ ತಕರಾರೆಲ್ಲ ಇದರ ಮೇಲೆ ನಿಂತಿದೆ. ಹಂಚ್‌ಬ್ಯಾಕ್ ಅಂತ 50 ಟನ್ನಿನ ಒಂದು ಮೆಕ್ ಇದೆ. ಅದರ ಮೂಲ ಮಾದರಿಯ ಸಂಕೇತ ಎಚ್‌ಬಿಕೆ-4ಜಿ. ಬಲ ಹೆಗಲ ಮೇಲೆ ಗೂನಿನ ಹಾಗೆ ಎದ್ದು ನಿಂತಿರೋ ಒಂದು ದೊಡ್ಡ ತೋಪು, ಎಸಿ/20. ಹೊಡೆದರೆ 20 ಪಾಯಿಂಟ್ ಹಾನಿ. ಈ ಆಟದಲ್ಲಿ ಯಾವುದೇ ಮೆಕ್‌ನ ತಲೆಗೆ ಹೆಚ್ಚೆಂದರೆ 9 ಕವಚ, ಒಳಗೆ 3, ಒಟ್ಟು 12. ಹಾಗಾಗಿ ದಾಳ ಹನ್ನೆರಡು ಬಿದ್ದು ಈ ತೋಪಿನ ಗುಂಡು ತಲೆಗೆ ತಗುಲಿದರೆ 100 ಟನ್ನಿನ ಮೆಕ್ಕೂ ಒಂದೇ ಏಟಿಗೆ ಮಟಾಷ್. ಆದರೆ ಈ ತೋಪು ಮುಟ್ಟೋದು 9 ಮನೆ ದೂರ ಮಾತ್ರ, ಮತ್ತು ಇರೋದು 10 ಗುಂಡು. ಅಂದರೆ ಹಂಚ್‌ಬ್ಯಾಕ್ ಅನ್ನೋ ಪದ ಕಿವಿಗೆ ಬಿದ್ದ ಕೂಡಲೇ ಎದುರಾಳಿಯ ತಲೆಯಲ್ಲಿ ಒಂದು ಗೆರೆ ಮೂಡುತ್ತೆ: ಒಂಬತ್ತು ಮನೆಯ ಒಳಗೆ ಹೋಗಬೇಡ.

ಇದನ್ನೇ ಕಂಪನಿಯವರು ಮಾರ್ಪಡಿಸಿ 4ಪಿ ಅಂತ ಮಾಡಿದ್ದಾರೆ. 14 ಟನ್ನಿನ ತೋಪು, 2 ಟನ್ ಗುಂಡು, ಒಟ್ಟು 16 ಟನ್ ಹೊರಗೆ. ಆರು ಮೀಡಿಯಂ ಲೇಸರ್‌ಗೆ 6 ಟನ್, ಹತ್ತು ಹೀಟ್‌ಸಿಂಕಿಗೆ 10 ಟನ್, ಒಟ್ಟು 16 ಒಳಗೆ. ಲೆಕ್ಕ ಚುಕ್ತಾ. ಮೊದಲೇ ಇದ್ದ ಎರಡು ಸೇರಿ ಎಂಟು ಮೀಡಿಯಂ ಲೇಸರ್. ಇವೂ ಮುಟ್ಟೋದು 9 ಮನೆಯೇ. ಆದರೆ ಒಂದೊಂದರ ಏಟು 5, ತಲೆ ಒಂದೇ ಏಟಿಗೆ ಹಾರಲ್ಲ. ಗುಂಡು ಮುಗಿಯೋ ಪ್ರಶ್ನೆಯಿಲ್ಲ, ಹಾಗಾಗಿ ಕಾದು ಕೂತು ಖಾಲಿ ಮಾಡಿಸೋ ಉಪಾಯವೂ ನಡೆಯಲ್ಲ. ಗೂನು ಅದೇ, ಕಾಲು ಅದೇ, ನಡಿಗೆ ಅದೇ. ಆದರೆ ಎದುರಿಸೋ ರೀತಿ ಬೇರೆ. ಇದಕ್ಕೆ ಸ್ವೇಬ್ಯಾಕ್ ಅಂತ ಬೇರೆ ಹೆಸರೇ ಇದೆ. ಎದುರು ಕೂತವರಿಗೆ ಬೇಕಾದದ್ದು ಇಂಥ ಹೆಸರೇ.

ಈಗ ನನ್ನ ಪಾಪದ ಕಥೆ.

ನಾನೂ 16 ಟನ್ ಹೊರಗೆ ಹಾಕಿದೆ. ಒಳಗೆ ಎರಡು ಪಿಪಿಸಿ ಹಾಕಿದೆ. ಪಿಪಿಸಿ ಅಂದರೆ ಮಿಂಚು ಉಗುಳೋ ಫಿರಂಗಿ ಅಂದುಕೊಳ್ಳಿ, ಒಂದಕ್ಕೆ 7 ಟನ್. ಉಳಿದ 2 ಟನ್ನಿಗೆ ಎರಡು ಹೀಟ್‌ಸಿಂಕು. ಎರಡೂ ಒಟ್ಟಿಗೆ ಹೊಡೆದರೆ ಸ್ವಲ್ಪ ಬಿಸಿಯಾಗುತ್ತೆ, ಆದರೆ ಒಂದೊಂದರ ಏಟು 10, ಮತ್ತು ಮುಟ್ಟೋದು 18 ಮನೆ. ಒಂಬತ್ತಲ್ಲ, ಹದಿನೆಂಟು. ಶೀಟಿನ ಮೇಲೆ ಏನು ಬರೆದೆ ಗೊತ್ತಾ? ‘ಹಂಚ್‌ಬ್ಯಾಕ್ 4ಜಿ, ಕಸ್ಟಮ್’. ಗೊಂಬೆಗೆ ಗೂನು ಹಾಗೇ ಬಿಟ್ಟೆ. ಎಷ್ಟು ಚೆನ್ನಾಗಿ ಬಣ್ಣ ಬಳಿದಿದ್ದೆ ಅಂದರೆ ಅದನ್ನು ಕತ್ತರಿಸೋಕೆ ಮನಸ್ಸಾಗಲಿಲ್ಲ.

ಆ ಭಾನುವಾರ ಗುಂಪಿಗೆ ಹೊಸದಾಗಿ ಒಬ್ಬ ಹುಡುಗಿ ಬಂದಿದ್ದಳು. ಗೆಳೆಯನೊಬ್ಬನ ಆಫೀಸಿನವಳು. ಬರೀ ನೋಡೋಕೆ ಬಂದವಳಲ್ಲ. ಮೂರು ವಾರ ನಿಯಮದ ಪುಸ್ತಕ ಓದಿದ್ದಳು, ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಸಾಮಾನ್ಯ ಮೆಕ್‌ಗಳ ಹೆಸರು, ಆಯುಧ, ದೂರ ಎಲ್ಲ ನೀಲಿ ಪೆನ್ನಿನಲ್ಲಿ ಬರೆದುಕೊಂಡಿದ್ದಳು. ನನ್ನ ಡಬ್ಬಿಯಿಂದಲೇ ಒಂದು ಸೆಂಚೂರಿಯನ್ ಎತ್ತಿಕೊಟ್ಟೆ. ಅದೂ 50 ಟನ್, ಹಂಚ್‌ಬ್ಯಾಕಿನಷ್ಟೇ ವೇಗ, ಆದರೆ ದೂರದಿಂದ ಹೊಡೆಯೋ ಕ್ಷಿಪಣಿ ಮತ್ತು 15 ಮನೆ ಮುಟ್ಟೋ ತೋಪು ಎರಡೂ ಇದೆ. ಆಕೆ ನೋಟ್‌ಬುಕ್ ನೋಡಿದಳು, ನನ್ನ ಗೂನು ನೋಡಿದಳು, ಮನೆ ಎಣಿಸಿದಳು, ಹನ್ನೆರಡನೇ ಮನೆಯಲ್ಲಿ ನಿಂತಳು. ಅವಳ ಎರಡೂ ಆಯುಧ ನನ್ನನ್ನು ಮುಟ್ಟುತ್ತವೆ, ನನ್ನ ತೋಪು ಅವಳನ್ನು ಮುಟ್ಟಲ್ಲ. ಹತ್ತು ವರ್ಷ ಆಡಿದವರೂ ಅಲ್ಲೇ ನಿಲ್ಲಬೇಕಾದ ಜಾಗ. ಮೊದಲ ಆಟದಲ್ಲೇ ಆಕೆ ಅದನ್ನು ತಾನೇ ಲೆಕ್ಕ ಹಾಕಿ ಕಂಡುಕೊಂಡಿದ್ದಳು.

ನಾನು ಎರಡೂ ಪಿಪಿಸಿ ಹೊಡೆದೆ.

“ಇದು ಹಂಚ್‌ಬ್ಯಾಕ್ ಅಲ್ವಾ?” ಅಂದಳು.

“ಹೌದು. ಕಸ್ಟಮ್,” ಅಂದೆ. ಶೀಟು ತಿರುಗಿಸಿ ತೋರಿಸಿದೆ ಕೂಡ. ನಮ್ಮಲ್ಲಿ ಕೇಳಿದರೆ ಮಾತ್ರ ಶೀಟು ತೋರಿಸೋ ರೂಢಿ. ಕೇಳಬೇಕು ಅಂತ ಹೊಸಬರಿಗೆ ಯಾರು ಹೇಳಿರ್ತಾರೆ?

ಆರನೇ ಸುತ್ತಿಗೆ ಸೆಂಚೂರಿಯನ್ನಿನ ಬಲಗೈ ಹೋಯಿತು, ಜೊತೆಗೆ ಅದರಲ್ಲಿದ್ದ ತೋಪೂ. ಇನ್ನೆರಡು ಸುತ್ತಿಗೆ ಆಟ ಮುಗೀತು. ಆಕೆ ಜಗಳವಾಡಲಿಲ್ಲ. ನೋಟ್‌ಬುಕ್ ಬ್ಯಾಗಿಗೆ ಹಾಕಿಕೊಳ್ಳುತ್ತಾ, “ಹಾಗಾದ್ರೆ ನಾನು ಓದಿಕೊಂಡು ಬಂದಿದ್ದು ಯಾಕೆ?” ಅಂದಳು. ನನ್ನನ್ನು ಕೇಳಿದ ಹಾಗೂ ಇರಲಿಲ್ಲ, ಕೇಳದ ಹಾಗೂ ಇರಲಿಲ್ಲ. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದ್ದಕ್ಕೂ.

‘ಹೆಸರು ಕ್ಷೀರಸಾಗರ ಭಟ್ಟ, ಮಜ್ಜಿಗೆಗೂ ಗತಿಯಿಲ್ಲ’ ಅಂತೀವಲ್ಲ, ಇಲ್ಲಿ ಆಗಿದ್ದು ಅದರ ಉಲ್ಟಾ. ಬೋರ್ಡಿನಲ್ಲಿ ಮಜ್ಜಿಗೆ ಅಂತ ಬರೆದು ಒಳಗೆ ಬೇರೇನೋ ಇಟ್ಟಿದ್ದೆ. ಎರಡೂ ಕಡೆ ಮೋಸ ಹೋಗೋದು ಬೋರ್ಡನ್ನು ನಂಬಿದವರೇ.

ಅವತ್ತಿನಿಂದ ನಾನು ಹಿಡಿದಿರೋ ಹಟ ಇಷ್ಟೇ. ಒಂದು ಯಂತ್ರವನ್ನು ಮಾರ್ಪಡಿಸಿದಾಗ ಹೆಸರು ಬದಲಾಗಬೇಕೋ ಬೇಡವೋ ಅನ್ನೋದನ್ನು ಎಷ್ಟು ಟನ್ ಬದಲಾಯಿತು ಅನ್ನೋದರಿಂದ ಅಳೆಯಬೇಡಿ. ಎದುರಿನವರು ಎಲ್ಲಿ ನಿಲ್ಲಬೇಕು ಅನ್ನೋದು ಬದಲಾಯಿತಾ? ಹಾಗಾದರೆ ಹೆಸರು ಬದಲಾಗಲೇಬೇಕು, ಮತ್ತು ಏನು ಬದಲಾಯಿತು ಅಂತ ಆ ಹೆಸರೇ ಬಾಯಿಬಿಟ್ಟು ಹೇಳಬೇಕು. ಅರ್ಧ ಟನ್ ಕವಚ ಕಾಲಿನಿಂದ ಎದೆಗೆ ಸರಿಸಿದಿರಾ? ಮಾಡಿಕೊಳ್ಳಿ, ಯಾರಿಗೂ ಹೇಳಬೇಕಾಗಿಲ್ಲ. ಪ್ರತಿ ಸ್ಕ್ರೂಗೂ ಹೊಸ ಸಂಕೇತ ಬೇಕು ಅನ್ನೋ ಮಡಿವಂತರು ನಮ್ಮ ಗುಂಪಿನಲ್ಲಿ ಒಬ್ಬರಿದ್ದಾರೆ, ಅವರ ಪಕ್ಷ ನನ್ನದಲ್ಲ. ಅವರ ಶೀಟಿನ ತಲೆಬರಹ ಓದೋಷ್ಟರಲ್ಲಿ ಕಾಫಿ ಆರಿರುತ್ತೆ.

ಇದಕ್ಕೆ ಬಂದ ಮೊದಲ ಆಕ್ಷೇಪ: “ಕಂಪನಿಯವರದ್ದೇ ಗೊಂದಲ, ನಮಗ್ಯಾಕೆ ಶಿಸ್ತು?” ಗೊಂದಲ ಇರೋದು ನಿಜ. ವಾರ್‌ಹ್ಯಾಮರ್ ಅನ್ನೋ 70 ಟನ್ನಿನ ಮೆಕ್ ತಗೊಳ್ಳಿ. 6ಆರ್ ಮೂಲ ಮಾದರಿ. 6ಡಿ ಅಂದರೆ ಕಥೆಯಲ್ಲಿ ಬರೋ ಡೇವಿಯನ್ ಮನೆತನದವರು ಮಾರ್ಪಡಿಸಿದ್ದು, 6ಕೆ ಕುರಿಟಾ ಮನೆತನದ್ದು. ಓಹೋ, ಕೊನೆಯ ಅಕ್ಷರ ಮನೆತನದ ಗುರುತು ಅಂತ ನೀವು ಖುಷಿಪಡುವಷ್ಟರಲ್ಲಿ ಅಟ್ಲಾಸ್ ಬರುತ್ತೆ. ಅದರ ಮೂಲ ಮಾದರಿಯೇ ಎಎಸ್7-ಡಿ. ಡೇವಿಯನ್‌ಗೂ ಆ ‘ಡಿ’ಗೂ ಸಂಬಂಧವಿಲ್ಲ. ಹಂಚ್‌ಬ್ಯಾಕ್ 4ಪಿಯ ‘ಪಿ’ ನೋಡಿ ಎಂಟು ಲೇಸರ್ ಅಂತ ಊಹಿಸೋಕೆ ಯಾವ ಜೋಯಿಸರಿಂದಲೂ ಆಗಲ್ಲ. ನಾಲ್ಕು ದಶಕದಲ್ಲಿ ಹತ್ತಾರು ಕೈಗಳು ಬರೆದದ್ದು, ಹಾಗೇ ಆಗಿರುತ್ತೆ.

ಆದರೆ ಒಂದು ವ್ಯತ್ಯಾಸ ನೋಡಿ. 4ಪಿ ಅನ್ನೋದಕ್ಕೆ ಅರ್ಥವಿಲ್ಲದಿದ್ದರೂ ವಿಳಾಸವಿದೆ. ಪುಸ್ತಕ ತೆಗೆದರೆ ಸಿಗುತ್ತೆ, ನನ್ನ ಪುಸ್ತಕದಲ್ಲೂ ನಿಮ್ಮ ಪುಸ್ತಕದಲ್ಲೂ ಒಂದೇ. 1996ರಲ್ಲಿ ಒಂದು ಕೋರ್ಟು ಕೇಸು ರಾಜಿಯಾದಾಗ, ಜಪಾನಿನ ಮ್ಯಾಕ್ರಾಸ್ ಮುಂತಾದ ಅನಿಮೆಗಳಿಂದ ತಂದಿದ್ದ ಚಿತ್ರಗಳನ್ನು ಫಾಸಾ ಕೈಬಿಡಬೇಕಾಯಿತು. ವಾರ್‌ಹ್ಯಾಮರ್, ಮರಾಡರ್ ಎಲ್ಲ ಮುಖ ಕಳೆದುಕೊಂಡವು. ಆಟಗಾರರು ಅವಕ್ಕೆ ‘ಅನ್‌ಸೀನ್’, ಕಣ್ಮರೆಯಾದವು, ಅಂತ ಹೆಸರಿಟ್ಟರು. ಆದರೆ ಆಡೋದು ನಿಲ್ಲಿಸಲಿಲ್ಲ. ಚಿತ್ರ ಹೋಯಿತು, ಹೆಸರೂ ಶೀಟೂ ಉಳಿಯಿತು, ಅಷ್ಟು ಸಾಕಾಯಿತು. “ಗೊಂಬೆ ನೋಡಿದ್ರೆ ಗೊತ್ತಾಗಲ್ವಾ ಗುರೂ” ಅನ್ನೋರಿಗೆ ನನ್ನ ಉತ್ತರ ಇದೇ. ಈ ಆಟದಲ್ಲಿ ಗೊಂಬೆ ಬರೀ ಗೊಂಬೆ. ಎದುರಿನವರ ಕೈಗೆ ನಾವು ಕೊಡೋದು ಹೆಸರನ್ನು. ‘ಕಸ್ಟಮ್’ ಅನ್ನೋದಕ್ಕೆ ಅರ್ಥವೂ ಇಲ್ಲ, ವಿಳಾಸವೂ ಇಲ್ಲ.

ತೂಕದ ವರ್ಗೀಕರಣ ನಂಬಿಕೊಂಡವರಿಗೂ ಒಂದು ಮಾತು. 35 ಟನ್‌ವರೆಗೆ ಲೈಟು, 55ರವರೆಗೆ ಮೀಡಿಯಂ, 75ರವರೆಗೆ ಹೆವಿ, ಅದರ ಮೇಲೆ ಅಸಾಲ್ಟ್. ಗೋದಾಮಿನವರಿಗೆ ಒಳ್ಳೇ ಲೆಕ್ಕ. ಚಾರ್ಜರ್ ಅಂತ 80 ಟನ್ನಿನ ಅಸಾಲ್ಟ್ ಮೆಕ್ ಇದೆ, ಅದರ ಮೂಲ ಮಾದರಿಗೆ ಇರೋ ಆಯುಧ ಐದು ಸ್ಮಾಲ್ ಲೇಸರ್. ಮದುವೆ ಮನೆಗೆ ಲಾರಿ ತುಂಬಾ ಬಾಳೆ ಎಲೆ ತಂದು ಊಟ ತರದ ಹಾಗೆ. ಇನ್ನೊಂದು ಕಡೆ ಅರ್ಬನ್‌ಮೆಕ್, 30 ಟನ್, ಲೈಟ್ ವರ್ಗ. ಲೈಟು ಅಂದರೆ ಓಡುತ್ತೆ ಅಂದುಕೊಂಡರೆ ಅದು ಓಡಿದರೂ ಮೂರು ಮನೆ. ಕೈಯಲ್ಲಿ ಮಾತ್ರ ಒಳ್ಳೇ ಎಸಿ/10. ಕಂಪನಿಯವರಿಗೇ ಇದು ಅರ್ಥವಾಗಿ ಆಮೇಲೆ ಸ್ಕೌಟ್, ಸ್ನೈಪರ್, ಬ್ರಾಲರ್ ಅಂತ ಕೆಲಸದ ಮೇಲೆ ವಿಂಗಡಿಸೋ ಪದ್ಧತಿ ತಂದರು. ನನ್ನ ‘ಹಂಚ್‌ಬ್ಯಾಕ್’ ಆ ಪಟ್ಟಿಯಲ್ಲಿ ಹತ್ತಿರ ಬಂದು ಗುದ್ದಾಡೋದರಿಂದ ದೂರ ಕೂತು ಹೊಡೆಯೋದಕ್ಕೆ ಜಿಗಿದಿತ್ತು. ತೂಕ 50 ಟನ್ನೇ. ವರ್ಗ ಮೀಡಿಯಮ್ಮೇ.

ಇನ್ನು ಟ್ಯಾಂಕುಗಳ ವಿಷಯ. ಇಲ್ಲಿ ನಾನು ನನ್ನದೇ ಹಳೇ ಮಾತನ್ನು ನುಂಗಬೇಕು. ಈ ಆಟದಲ್ಲಿ ಮೆಕ್ ಅಂದರೆ ರಾಜಕುಮಾರ, ಟ್ಯಾಂಕು ಅಂದರೆ ಆಳು. ಮೆಕ್‌ಗೆ ಸಂಕೇತ, ಅಡ್ಡಹೆಸರು, ವಂಶಾವಳಿ. 1990ರಲ್ಲಿ ಬಂದ ಪುಸ್ತಕದ ಕ್ಲಾನ್ ಮೆಕ್‌ಗಳಿಗಂತೂ ಎರಡೆರಡು ಹೆಸರು. ಟಿಂಬರ್ ವುಲ್ಫ್ ಅನ್ನೋದನ್ನು ಮೊದಲ ಸಲ ಕಂಡ ಶತ್ರುವಿನ ಕಂಪ್ಯೂಟರು ಇದು ಮರಾಡರ್ರೋ ಕ್ಯಾಟಪಲ್ಟೋ ಅಂತ ಗೊತ್ತಾಗದೆ ಎರಡರ ಸಂಕೇತಗಳಾದ ‘ಮ್ಯಾಡ್’, ‘ಕ್ಯಾಟ್’ ನಡುವೆ ಹೊಯ್ದಾಡಿತಂತೆ, ಅದಕ್ಕೇ ಅದು ಮ್ಯಾಡ್ ಕ್ಯಾಟ್ ಆಯಿತಂತೆ. ಎಂಥ ಚಂದದ ಕಥೆ! ಟ್ಯಾಂಕಿಗೆ? ಸ್ಕಾರ್ಪಿಯನ್ ಲೈಟ್ ಟ್ಯಾಂಕು, 25 ಟನ್. ಅದರ ತೋಪು ತೆಗೆದು ದೂರದ ಕ್ಷಿಪಣಿ ಹಾಕಿದರೆ ಹೆಸರಿನ ಮುಂದೆ ಆವರಣ ಚಿಹ್ನೆ ಹಾಕಿ ಎಲ್‌ಆರ್‌ಎಂ ಅಂತ ಬರೀತಾರೆ. ಹತ್ತಿರದ ಕ್ಷಿಪಣಿ ಹಾಕಿದರೆ ಎಸ್‌ಆರ್‌ಎಂ. ಮುಗೀತು. ಇದು ಅವಮಾನ, ಟ್ಯಾಂಕಿಗೂ ಮೆಕ್‌ನಂಥ ಸಂಕೇತ ಕೊಡಬೇಕು ಅಂತ ಒಂದು ಕಾಲದಲ್ಲಿ ಗಂಟೆಗಟ್ಟಲೆ ವಾದ ಮಾಡಿದ್ದೆ.

ಈಗ ಕಣ್ಣು ಬಿಟ್ಟು ನೋಡಿದರೆ, ಇಡೀ ಆಟದಲ್ಲಿ ಪ್ರಾಮಾಣಿಕವಾದ ಹೆಸರು ಇರೋದು ಆ ಬಡಪಾಯಿಗಳಿಗೇ. ಎಲ್‌ಆರ್‌ಎಂ ಕ್ಯಾರಿಯರ್ ಅಂದರೆ ಎಲ್‌ಆರ್‌ಎಂ ಹೊತ್ತ ಗಾಡಿ. ಷ್ರೆಕ್ ಪಿಪಿಸಿ ಕ್ಯಾರಿಯರ್ ಅಂದರೆ ಪಿಪಿಸಿ ಹೊತ್ತ ಗಾಡಿ, ಒಂದಲ್ಲ ಮೂರು. ಕೇಳಿದ ತಕ್ಷಣ ಎಷ್ಟು ದೂರ ನಿಲ್ಲಬೇಕು ಅಂತ ಗೊತ್ತಾಗುತ್ತೆ. ನಮ್ಮ ದರ್ಶಿನಿಗಳ ಬೋರ್ಡಿನ ಹಾಗೆ. ಖಾಲಿ ದೋಸೆ ಅಂದರೆ ಪಲ್ಯ ಇಲ್ಲ. ಈರುಳ್ಳಿ ರವೆ ಮಸಾಲೆ ಅಂದರೆ ಹಿಟ್ಟು ಯಾವುದು, ಮೇಲೇನು, ಒಳಗೇನು, ಮೂರೂ ಹೇಳಿ ಆಯ್ತು. ‘ದೋಸೆ, ಕಸ್ಟಮ್’ ಅಂತ ಟೋಕನ್ ಹರಿದುಕೊಟ್ಟರೆ ನೀವು ಸುಮ್ಮನೆ ಇರ್ತೀರಾ?

ಮಾರ್ಪಾಡನ್ನು ಹೆಸರಿನಲ್ಲೇ ಕಟ್ಟೋದು ಹೇಗೆ ಅನ್ನೋದಕ್ಕೆ ಎರಡನೇ ಮಹಾಯುದ್ಧದ ಆಟ ಆಡೋರಿಗೆ ಒಂದು ಒಳ್ಳೇ ಮಾದರಿ ಸಿಗುತ್ತೆ. ಅಮೆರಿಕದ ಷರ್ಮನ್ ಟ್ಯಾಂಕಿನ ಸಂಕೇತ ಎಂ4. ಎಂ4ಎ1, ಎ2, ಎ3, ಎ4 ಅಂತ ಮುಂದುವರಿಯುತ್ತೆ. ದೊಡ್ಡ ಅಂಕಿ ಅಂದರೆ ಹೊಸದು, ಮೇಲಿನದು ಅಂತ ಹೊಸಬರೆಲ್ಲ ಅಂದುಕೊಳ್ತಾರೆ. ತಪ್ಪು. ಎ1 ಎರಕದ ಒಡಲಿನದು, ಎ2 ಡೀಸೆಲ್, ಎ3ಗೆ ಫೋರ್ಡ್ ಎಂಜಿನ್, ಎ4ಗೆ ಕ್ರೈಸ್ಲರ್. ಅಕ್ಕಪಕ್ಕದ ಸೋದರರು, ಅಪ್ಪ ಮಕ್ಕಳಲ್ಲ. ಜರ್ಮನ್ನರ ಪ್ಯಾಂಥರ್ ಇನ್ನೂ ಮಜಾ. ಮೊದಲು ಬಂದದ್ದು ಡಿ, ಆಮೇಲೆ ಎ, ಆಮೇಲೆ ಜಿ. ಅಕ್ಷರಮಾಲೆ ಕಲಿಯದವರು ಇಟ್ಟ ಹಾಗಿದೆ.

ಬ್ರಿಟಿಷರು ಅದೇ ಷರ್ಮನ್‌ಗಳನ್ನು ತರಿಸಿಕೊಂಡು ತಮ್ಮ ಲೆಕ್ಕಕ್ಕೆ ಬರೆದುಕೊಂಡರು. ಮೊದಲು ಒಂದು ರೋಮನ್ ಅಂಕಿ: ಮೂಲ ಎಂ4 ಅಂದರೆ ಒಂದು, ಎ4 ಅಂದರೆ ಐದು. ಆಮೇಲೆ ತೋಪು ಬದಲಾಗಿದ್ದರೆ ಒಂದು ಅಕ್ಷರ: 76 ಮಿಲಿಮೀಟರಿಗೆ ಎ, 105ರ ಹೌವಿಟ್ಜರಿಗೆ ಬಿ, ತಮ್ಮದೇ 17 ಪೌಂಡರ್ ತೋಪಿಗೆ ಸಿ. ಚಕ್ರದ ಸಸ್ಪೆನ್ಷನ್ನು ಹೊಸದಾಗಿದ್ದರೆ ಕೊನೆಗೆ ವೈ. ಷರ್ಮನ್ 5ಸಿ ಅಂದರೆ ಎ4ರ ಒಡಲು, 17 ಪೌಂಡರ್ ತೋಪು. ಎರಡೇ ಗುರುತಿನಲ್ಲಿ ಎಲ್ಲಿಂದ ಬಂತು, ಏನಾಯಿತು, ಎರಡೂ ಇದೆ. ಬಿಡಿಭಾಗ ಕಳಿಸೋನಿಗೂ ಗುಂಡು ಕಳಿಸೋನಿಗೂ ಗೊಂದಲವಿಲ್ಲ. ನಾವು ಫೈರ್‌ಫ್ಲೈ ಅಂತ ಪ್ರೀತಿಯಿಂದ ಕರೆಯೋ ಟ್ಯಾಂಕು ಇದೇ.

ಈ ಫೈರ್‌ಫ್ಲೈ ಹೆಸರು ಎತ್ತಿದ ಕೂಡಲೇ ನಮ್ಮ ಗುಂಪಿನ ವಕೀಲರು ಎದ್ದು ನಿಂತರು. ವೃತ್ತಿಯಲ್ಲಿ ಅವರು ಪ್ರಾಡಕ್ಟ್ ಮ್ಯಾನೇಜರ್, ಭಾನುವಾರ ಮಾತ್ರ ವಕೀಲರು. “ಆ ಬ್ರಿಟಿಷರೇ ಫೈರ್‌ಫ್ಲೈನ ಉದ್ದ ನಳಿಗೆ ಗಿಡ್ಡ ಕಾಣಲಿ ಅಂತ ಬಣ್ಣ ಬಳೀತಿದ್ರು. ಯುದ್ಧ ಅಂದ್ರೆ ಮುಚ್ಚಿಡೋದೇ ಅಲ್ವೇನ್ರಿ? ನಿಮ್ ಹಂಚ್‌ಬ್ಯಾಕ್ ಮಾಡಿದ್ದೂ ಅದೇ.”

ಒಳ್ಳೇ ವಾದ. ಬಣ್ಣ ಬಳೀತಿದ್ದದ್ದು ನಿಜವೇ. ಜರ್ಮನ್ನರು ಅದನ್ನೇ ಹುಡುಕಿ ಮೊದಲು ಹೊಡೆದಾರು ಅನ್ನೋ ಭಯಕ್ಕೆ ನಳಿಗೆಯ ಮುಂದಿನ ಭಾಗಕ್ಕೆ ತಿಳಿ ಬಣ್ಣ ಹಚ್ಚಿ ಅದು ಕಾಣದ ಹಾಗೆ ಮಾಡ್ತಿದ್ದರು. ಆದರೆ ಬಣ್ಣ ಬಳಿದದ್ದು ನಳಿಗೆಗೆ, ಕಡತಕ್ಕಲ್ಲ. ಕಡತದಲ್ಲಿ ಅದು 5ಸಿಯೇ. ನಮ್ಮ ಮೇಜಿನ ಆಚೆ ಕೂತವರು ಎರಡು ಕೆಲಸ ಮಾಡ್ತಾರೆ ಸ್ವಾಮಿ. ನಕ್ಷೆಯ ಮೇಲೆ ಅವರು ಶತ್ರು. ಆದರೆ ನನ್ನ ಗುಂಡು ತಗುಲಿತಾ ಅಂತ ಜೊತೆಗೆ ಲೆಕ್ಕ ಹಾಕೋರೂ ಅವರೇ, ನನ್ನ ದಾಳ ಮೇಜಿನ ಕೆಳಗೆ ಬಿದ್ದರೆ ಹುಡುಕಿಕೊಡೋರೂ ಅವರೇ. ಕಡತ ಇಬ್ಬರದ್ದೂ. ಮುಚ್ಚಿಟ್ಟು ಆಡಬೇಕಾ, ಅದಕ್ಕೆ ನಿಯಮದ ಪುಸ್ತಕದಲ್ಲೇ ದಾರಿಯಿದೆ, ಇಬ್ಬರೂ ಮುಚ್ಚಿಟ್ಟು ಆಡೋಣ, ಮೊದಲೇ ಹೇಳಿ. ಒಬ್ಬರ ಯಂತ್ರ ಪುಸ್ತಕದಲ್ಲಿದ್ದ ಹಾಗೇ ಮೇಜಿನ ಮೇಲಿದ್ದು ಇನ್ನೊಬ್ಬರದ್ದು ಪುಸ್ತಕದ ಹೆಸರನ್ನು ಕದ್ದು ನಿಂತರೆ ಅದು ಯುದ್ಧತಂತ್ರ ಅಲ್ಲ. ಓದಿಕೊಂಡು ಬಂದವರಿಗೆ ದಂಡ, ಅಷ್ಟೇ. ಓದದೆ ಬಂದವಳಾಗಿದ್ದರೆ ಆಕೆ ಸುಮ್ಮನೆ ಎಲ್ಲೋ ನಿಲ್ಲುತ್ತಿದ್ದಳು, ಬಹುಶಃ ಗೆಲ್ಲುತ್ತಲೂ ಇದ್ದಳು.

“ಹೆಸರಲ್ಲಿ ಇಷ್ಟೊಂದು ತುರುಕಿದರೆ ಮಜಾ ಎಲ್ಲಿ?” ಅನ್ನೋದು ಇನ್ನೊಬ್ಬನ ಗೋಳು. ಅವನ ಟ್ಯಾಂಕುಗಳ ಹೆಸರು ರುದ್ರತಾಂಡವ, ಕಾಲಭೈರವ, ಜಗ್ಗೇಶ (ಕೊನೆಯದು ಅವನ ಬೆಕ್ಕಿನ ಹೆಸರು). ಇಡಪ್ಪಾ, ಬೇಡ ಅಂದವರ್ಯಾರು? ಆಟದಲ್ಲೇ ಇದಕ್ಕೆ ದಾರಿ ತೋರಿಸಿದ್ದಾರೆ. ಸೆಂಚೂರಿಯನ್ನನ್ನೇ ಮಾರ್ಪಡಿಸಿ ಎಸಿ/20 ಹಾಕಿದ ಒಂದು ಪ್ರಸಿದ್ಧ ಮೆಕ್ ಇದೆ, ಹೆಸರು ಯೆನ್-ಲೋ-ವಾಂಗ್. ಚೀನಾದ ನರಕದ ದೊರೆ. ಬೌದ್ಧರ ಜೊತೆ ಅಲ್ಲಿಗೆ ಹೋದ ನಮ್ಮ ಯಮಧರ್ಮನೇ. ಆದರೆ ಶೀಟಿನ ಮೇಲೆ ಅದು ಸಿಎನ್9-ವೈಎಲ್‌ಡಬ್ಲ್ಯು. ಮೊದಲು ಸಿಎನ್9, ಅಂದರೆ ಸೆಂಚೂರಿಯನ್ನಿನ ಮನೆಯವನು, ಆಮೇಲೆ ಬಿರುದು. ಯಮನೂ ತನ್ನ ತವರಿನ ಹೆಸರು ಹೇಳಿಕೊಂಡೇ ಬರ್ತಾನೆ. ಕಾಲಭೈರವನಿಗೇನು ಕಷ್ಟ?

ಇನ್ನೊಂದು ವಿಷಯ, ಇದು ಗೊತ್ತಾದಾಗ ನನಗೇ ನಾಚಿಕೆಯಾಯಿತು. ಮಾರ್ಪಾಡು ಎಷ್ಟು ಕಷ್ಟದ್ದು ಅಂತ ಎ ಇಂದ ಎಫ್‌ವರೆಗೆ ಆರು ದರ್ಜೆ ಮಾಡಿ ನಿಯಮದ ಪುಸ್ತಕವೊಂದರಲ್ಲಿ ಇಟ್ಟಿದ್ದಾರೆ. ಮೊದಲೆರಡು ದರ್ಜೆಯವು ಯುದ್ಧಭೂಮಿಯಲ್ಲೇ ಮಾಡಬಹುದಾದವು, ನಡುವಿನವಕ್ಕೆ ಒಳ್ಳೇ ವರ್ಕ್‌ಶಾಪು ಬೇಕು, ಕೊನೆಯವಕ್ಕೆ ಕಾರ್ಖಾನೆಯೇ ಬೇಕು. ಅಂದರೆ ವರ್ಗೀಕರಿಸೋಕೆ ಬೇಕಾದ ಸಾಮಾನೆಲ್ಲ ಕಪಾಟಿನಲ್ಲೇ ಇತ್ತು. ನಾವು ಆ ಪುಸ್ತಕವನ್ನು ಎಷ್ಟು ಸಲ ತೆಗೆದಿದ್ದೇವೆ ಅಂದರೆ, ಮೇಜಿನ ಒಂದು ಕಾಲು ಗಿಡ್ಡ ಇತ್ತು, ಅದಕ್ಕೆ ಒಂದು ಸಲ.

“ಬಿಡೋ, ಆಟ ತಾನೇ” ಅನ್ನೋರಿಗೆ ನಾನು ಉತ್ತರ ಕೊಡೋದು ಬಿಟ್ಟಿದ್ದೇನೆ. ವಾರಪೂರ್ತಿ ಮೀಟಿಂಗುಗಳಲ್ಲಿ ಒಂದು ಹೇಳಿ ಇನ್ನೊಂದು ಮಾಡೋರ ನಡುವೆ ಕೂತು, ಭಾನುವಾರ ನಾಲ್ಕು ಗಂಟೆ ಹೊತ್ತು 9 ಮನೆ ಅಂದರೆ 9 ಮನೆಯೇ ಆಗಿರೋ ಜಾಗಕ್ಕೆ ಬರ್ತೀವಿ. ಆಟ ಅಂತಲೇ ಬರ್ತೀವಿ.

ಹೋದ ವಾರ ಶೀಟು ಹರಿದು ಹೊಸದು ಬರೆದೆ. ‘ಎಚ್‌ಬಿಕೆ-4ಜಿ ಮೂಲ, ಎಸಿ/20 ಬದಲು ಎರಡು ಪಿಪಿಸಿ, 18 ಮನೆ’. ಉದ್ದವಾಯಿತು, ಚಂದವಿಲ್ಲ, ಟ್ಯಾಂಕಿನ ಹೆಸರಿನ ಹಾಗಿದೆ. ಬ್ಲೇಡು ತಗೊಂಡು ಗೂನೂ ಕೊಯ್ದೆ, ಎರಡು ಬಾಲ್‌ಪೆನ್ ರೀಫಿಲ್ ತುಂಡು ಅಂಟಿಸಿದೆ, ಬಣ್ಣ ಹಾಳಾಯಿತು. ವಕೀಲರು ನೋಡಿ, “ಈಗ ಇದರ ಎದುರು ಯಾರ್ರೀ ಹನ್ನೆರಡನೇ ಮನೇಲಿ ನಿಲ್ತಾರೆ?” ಅಂತ ನಕ್ಕರು. ಯಾರೂ ನಿಲ್ಲಲ್ಲ. ಆಮೇಲೆ ಆಡಿದ ಎರಡೂ ಆಟ ಸೋತೆ.

ಗೆಳೆಯನ ಕೈಲಿ ಹೊಸ ಶೀಟಿನ ಫೋಟೋ ಆಕೆಗೆ ಕಳಿಸಿದ್ದೇನೆ, ಜೊತೆಗೆ ಎರಡು ಸಾಲು ಕ್ಷಮೆ. ನೋಡಿದ್ದಾಳೆ, ಉತ್ತರ ಇನ್ನೂ ಬಂದಿಲ್ಲ. ಸೆಂಚೂರಿಯನ್ನಿನ ಮುರಿದ ಬಲಗೈ ಅಂಟಿಸಿ ಡಬ್ಬಿಯ ಮೇಲಿನ ಅರೆಯಲ್ಲಿ ಇಟ್ಟಿದ್ದೇನೆ.